ಪ್ರವೇಶ ಪುಸ್ತಿಕೆಯ ಹುಡುಗಿ

ಕಾನೂನು ವಿಭಾಗದ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ನಾನಿದ್ದೇನೆ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ದಪ್ಪನೆಯ ಪುಸ್ತಕ ಹಿಡಿದು ಪಿಎಚ್‌.ಡಿ. ವಿದ್ಯಾರ್ಥಿಗಳ ನಡುವೆ ಕೂತು ನಗುತ್ತಿದ್ದೇನೆ. ವಿಭಾಗದಲ್ಲಿ ನನ್ನ ಕೆಲಸ ಕಸ ಗುಡಿಸುವುದು, ಟೀ ಕೊಡುವುದು.

ಫೋಟೋ ತೆಗೆಯಲು ಬಂದವನು, "ಎಲ್ಲರೂ ಒಂದೇ ಸಾಹುಕಾರರ ಮನೆ ಮಕ್ಕಳ ಥರ ಇದ್ದಾರಲ್ಲ ಮೇಡಂ, ಶೂ ಕೂಡ ಒಂದೇ ಅಂಗಡೀದು" ಎಂದು ನಕ್ಕಿದ್ದ. ವಿಭಾಗದ ಮುಖ್ಯಸ್ಥೆಯಾದ ಮೇಡಂಗೆ ಅದು ಚುಚ್ಚಿತು. ಬಡವರ ಮನೆಯ ಮಕ್ಕಳೂ ಬರಲಿ ಎಂದು ಅವರಿಗೆ ನಿಜವಾಗಿಯೂ ಆಸೆ. ಸುತ್ತ ನೋಡಿದರು. ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ನಾನು ಕಣ್ಣಿಗೆ ಬಿದ್ದೆ.

"ಬಾಮ್ಮ, ಒಂದು ನಿಮಿಷ ಇಲ್ಲಿ ಕೂತ್ಕೋ."

ಕೂತೆ. ಒತ್ತಾಯಕ್ಕಲ್ಲ, ಖುಷಿಯಿಂದಲೇ.

ಸೀಟು ಒಪ್ಪಿಕೊಳ್ಳಲು ಕಡೆಯ ದಿನ, ಪಿಎಚ್‌.ಡಿ.ಗೆ ಆಯ್ಕೆಯಾಗಿದ್ದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ನನ್ನನ್ನು ನೋಡಿದ್ದೇ ಎದ್ದು ನಿಂತಳು.

"ಅಕ್ಕಾ, ಪುಸ್ತಿಕೇಲಿ ಇರೋದು ನೀವೇ ಅಲ್ವಾ?"

ಹೂಂ ಎಂದೆ.

"ನಿನ್ನ ಮುಖ ತೋರಿಸಿ ತೋರಿಸಿ ನನ್ನ ತಲೆ ತಿಂದುಬಿಟ್ಟಳಮ್ಮ" ಅಂದರು ತಾಯಿ. "ನಮ್ಮಂಥೋರೂ ಓದ್ತಿದ್ದಾರೆ ನೋಡು, ಅಂತ. ಇವಳು ವಕೀಲರ ಆಫೀಸಲ್ಲಿ ದುಡಿದು ತಂದರೇನೇ ಮನೆ ನಡೆಯೋದು. ಇಲ್ಲಿ ಸೇರಿದ್ರೆ ಅದನ್ನ ಬಿಡಬೇಕಂತೆ. ನೀನು ಹೇಗಮ್ಮ ನಿಭಾಯಿಸ್ತಿದೀಯ?"

"ಹೇಗೋ ಆಗುತ್ತೆ" ಅಂದುಬಿಟ್ಟೆ.

"ಕೇಳಿಸ್ತಾ?" ಎಂದು ಮಗಳು ತಾಯಿಯ ಭುಜ ತಟ್ಟಿ ಒಳಗೆ ಹೊರಟಳು. ಅವಳ ಕೈ ಬಾಗಿಲಿನ ಮೇಲಿದ್ದಾಗ ನನ್ನಿಂದ ತಡೆಯಲಾಗಲಿಲ್ಲ.

"ನಾನು ಇಲ್ಲಿ ಓದ್ತಿಲ್ಲ. ಟೀ ಕೊಡ್ತೀನಿ. ಫೋಟೋಗೆ ಅಂತ ಕೂರಿಸಿದ್ರು, ಅಷ್ಟೇ."

ಯಾರೂ ಬೈಯಲಿಲ್ಲ. ತಾಯಿ ಚೀಲ ಎತ್ತಿಕೊಂಡು "ನಡಿ" ಎಂದರು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಎದೆ ಹಗುರಾಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಕಷ್ಟದಲ್ಲಿರುವವರು ಬಂದು ಕೇಳಿದರೆ ಶುಲ್ಕ ಮನ್ನಾ ಮಾಡಿಸಬಹುದು ಎಂದು ಮೇಡಂ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ. ನನ್ನ ಭಾರ ಇಳಿಸುವ ಮಾತನ್ನಷ್ಟೇ ಆಡಿ, ಅವಳಿಗೆ ಬೇಕಾದದ್ದನ್ನು ನುಂಗಿಕೊಂಡಿದ್ದೆ.

ಬಸ್ ಸ್ಟಾಪಿಗೆ ಓಡಿದೆ. ಏದುಸಿರು ಬಿಡುತ್ತಾ ಶುಲ್ಕ ಮನ್ನಾದ ವಿಷಯ ಹೇಳಿದೆ.

"ಇದಾದರೂ ನಿಜಾನಾ, ಇಲ್ಲಾ ಇದೂ ಫೋಟೋ ಥರಾನೇನಾ?" ಅಂದಳು ಅವಳು.

"ಮೇಡಂ ಹತ್ರ ಕೇಳಿ. ನಾನೂ ಬರ್ತೀನಿ."

ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಡಿ, ಕೇಳೇಬಿಡೋಣ. ಇದೂ ಸುಳ್ಳಾದ್ರೆ ಇವಳನ್ನೇ ನಮ್ಮನೆಗೆ ಕರ್ಕೊಂಡು ಹೋಗೋಣ, ಪಾತ್ರೆ ತೊಳೀಲಿ."

ಮೇಡಂ ತಮ್ಮ ಕೋಣೆಯಲ್ಲಿ ಮೂವರನ್ನೂ ಕೂರಿಸಿ ಮಾತಾಡಿದರು. ಆ ಕೋಣೆಯ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು, ಅಂಚಿನಲ್ಲೇ ಕೂತೆ. ಶುಲ್ಕ ಪೂರ್ತಿ ಮನ್ನಾ ಮಾಡಿಸುತ್ತೇನೆ ಎಂದರು.

"ಮತ್ತೆ ತಿಂಗಳ ಖರ್ಚಿಗೆ?" ಹುಡುಗಿ ಕೇಳಿದಳು. "ಮನೆ ಬಾಡಿಗೆ, ತಮ್ಮನ ಓದು, ಅಮ್ಮನ ಮಾತ್ರೆ?"

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ವಿದ್ಯಾರ್ಥಿವೇತನ ಇರೋದು ಒಬ್ಬರಿಗೇ. ಅದು ಹೋಗಿಬಿಟ್ಟಿದೆ. ಮುಂದಿನ ವರ್ಷಕ್ಕೆ ಪ್ರಯತ್ನಪಡ್ತೀನಮ್ಮ."

"ಮುಂದಿನ ವರ್ಷದ ತನಕ ಏನ್ ಗಾಳಿ ತಿನ್ನೋದಾ?" ಎಂದು ತಾಯಿ ಗೊಣಗಿದರು. ಆಮೇಲೆ, ತಾವೇ ಹೇಳಿದ್ದಕ್ಕೆ ನೊಂದುಕೊಂಡವರ ಹಾಗೆ, ಮಗಳ ಕೈ ಹಿಡಿದುಕೊಂಡರು.

ಹುಡುಗಿ ತಾಯಿಯ ಕೈ ಬಿಡದೆಯೇ, ಸೀಟು ಬೇರೆಯವರಿಗೆ ಕೊಡಿ ಎಂದಳು.

ಬಾಗಿಲ ತನಕ ನಾನೂ ಹೋದೆ. ಅವಳು ತಿರುಗಿ ನಿಂತಳು.

"ನೀವು ಬಾಯಿ ಬಿಡದೇ ಇದ್ದಿದ್ರೆ ಸೇರ್ಕೊಂಡುಬಿಡ್ತಿದ್ದೆ, ಅಕ್ಕಾ."

ಅದು ಉಪಕಾರ ಸ್ಮರಣೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.