ಶರ್ಟಿನ ಗುಂಡಿಯ ಕತ್ತಿ

ಕತ್ತಿಯ ಹುಚ್ಚು ಹಿಡಿದವರ ಜೊತೆ ಬೆಟ್ಟ ಹತ್ತಬಾರದು. ನಾನು ಹತ್ತಿದೆ, ನನ್ನ ಕರ್ಮ. ಮನಿಲಾದ ಕ್ರಿಸಾಂತೊ ಸಾರ್‌ಗೆ ನಮ್ಮ ಬಗೋಬೊ ಬೆಟ್ಟದ ಜನರ ಹಳೇ ಕತ್ತಿ ಅಂದರೆ ಪ್ರಾಣ. ಊರೂರು ಅಲೆದು ಕೊಳ್ಳೋರು. ಹಿಡಿ ಯಾರು ಎರಕ ಹೊಯ್ದದ್ದು, ಒರೆಯ ಹೆಣಿಗೆ ಯಾವ ಮನೆಯದು ಅಂತ ಗುರುತು ಹೇಳೋಕೆ ನಾನು. ಒರೆಗೆ ನಾರು ಹೆಣೆದು ಮಣಿ ಕೂರಿಸೋದರಲ್ಲಿ ನನ್ನ ಅವ್ವ ಹೆಸರಾದವಳು. ಆ ಕೆಲಸ ನನಗೂ ಕೈಗೆ ಹತ್ತಿತ್ತು.

ಅವತ್ತು ಅವರು ಕರಕೊಂಡು ಹೋಗಿದ್ದು ಅಪೋ ಬೆಟ್ಟದ ಆಚೆ ಮಗ್ಗುಲಿಗೆ, ಇಂಬಾಲ್ ಮನೆಗೆ. ಮೊದಲೇ ಬಾಯಿಬಿಟ್ಟಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ. ಮಿಲಿಟರಿ ಆಡಳಿತದ ಕಾಲ ಅದು. ಇಂಬಾಲ್ ನಮ್ಮ ಜನವೇ, ಆದರೆ ಅವನ ಕೈಗೆ ಯಾರೋ ಬಂದೂಕು ಕೊಟ್ಟಿದ್ದರು, ಕೇಳೋರೇ ಇರಲಿಲ್ಲ. ಅವನ ಜೊತೆ ಹೊಳೆ ದಾರಿ ಇಳಿದವರು ಮನೆ ಸೇರೋದಿಲ್ಲ ಅಂತ ಜನ ಪಿಸುಗುಡೋರು. ನನ್ನ ತಮ್ಮ ಆನ್ಸಿಗ್ ಕೂಡ ಅಬಾಕಾ ಬಾಳೆಯ ನಾರು ಮಾರೋಕೆ ಈ ಕಡೆ ಬಂದವನು, ವಾಪಸ್ ಬಂದಿರಲಿಲ್ಲ.

ಇಂಬಾಲ್ ಎಲೆ ಅಡಿಕೆ ಕೊಟ್ಟ. ಒಂದೊಂದೇ ಕತ್ತಿ ತೋರಿಸಿದ. ಎಲ್ಲ ಆದಮೇಲೆ ಮೂಲೆಯಿಂದ ಗೋಣಿಯಲ್ಲಿ ಸುತ್ತಿದ್ದ ಇನ್ನೊಂದನ್ನು ತಂದು ನನ್ನ ಮಡಿಲಲ್ಲೇ ಇಟ್ಟ. ಒರೆಗೆ ಕಟ್ಟಿದ್ದ ಹಿತ್ತಾಳೆ ಗೆಜ್ಜೆ ಘಲ್ಲೆಂದಿತು.

ಗೋಣಿ ಬಿಚ್ಚಿದೆ. ಬಿಳಿ ಮಣಿಗಳ ಸಾಲಿನ ಕೊನೆಯಲ್ಲಿ ಒಂದು ಶರ್ಟಿನ ಗುಂಡಿ ಇತ್ತು. ನಾನೇ ಹಾಕಿದ್ದು, ಆನ್ಸಿಗ್ ಕತ್ತಿಗೆ. ಮಣಿ ಸಾಲದೆ ಬಂದಾಗ ತಮ್ಮನ ಶರ್ಟಿನದನ್ನೇ ಕಿತ್ತು ಹೊಲಿದಿದ್ದೆ. "ಎದೆ ತೆರಕೊಂಡು ಓಡಾಡ್ಲಾ?" ಅಂತ ಅವನು ದಿನವೆಲ್ಲ ರೇಗಿದ್ದ.

ಬಾಯಲ್ಲಿದ್ದ ಎಲೆ ಅಡಿಕೆ ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ.

"ಯಾರದು ತಂಗಿ, ಗೊತ್ತಾಯ್ತಾ?" ಅಂದ ಇಂಬಾಲ್. ನಗುತ್ತಿದ್ದ, ಕಣ್ಣು ಮಾತ್ರ ನನ್ನ ಮುಖದ ಮೇಲೇ ಇತ್ತು.

"ನಮ್ಮ ಕಡೇದಲ್ಲ ಅಣ್ಣ. ಪೂರ್ವದ ಮಂದಾಯ ಜನರದ್ದಿರಬೇಕು. ಹೊಸದು, ಬೆಲೆ ಬಾಳೋದಿಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಏನಾಗ್ತಿತ್ತು! ಸಾರ್ ಜಾಣ ಹುಡುಗನ ಹಾಗೆ ಎದ್ದು ಕೂತರು. "ಅಕ್ಕಾ, ಏನು ಹೇಳ್ತಿದ್ದೀರಾ! ಈ ಹೆಣಿಗೆಯ ಗಂಟು ನಿಮ್ಮ ಅವ್ವಂದಲ್ವಾ? ಬೇರೆ ಯಾರಿಗೂ ಬರೋದಿಲ್ಲ ಅಂತ ನೀವೇ ಕಲಿಸಿದ್ರಿ!"

ಇವರಿಗೆ ಕಲಿಸಿದ ನನ್ನ ನಾಲಿಗೆಗೆ ಬೆಂಕಿ ಹಾಕ.

ಇಂಬಾಲ್ ನಗು ನಿಂತಿತು. "ಓಹೋ. ಯಾವ ಊರು ಅಂದೆ ನಿಂದು?"

"ಅವ್ವ ಊರ ಹುಡುಗೀರಿಗೆಲ್ಲ ಕಲಿಸಿದ್ದಾಳೆ ಅಣ್ಣ, ಯಾರು ಹೆಣೆದರೋ ಏನೋ," ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಅವನು ಚೌಕಾಸಿಯನ್ನೇ ಮಾಡಲಿಲ್ಲ. ಆ ಕತ್ತಿಗೆ ಸಾರ್ ಕೊಟ್ಟಷ್ಟು ಇಸಕೊಂಡು ಗೋಡೆಯ ಬಂದೂಕು ಹೆಗಲಿಗೇರಿಸಿದ. "ಮೋಡ ಕಟ್ಟಿದೆ. ಹೊಳೆ ದಾರಿ ಹತ್ತಿರ, ನಾನೇ ಬಿಟ್ಟುಬರ್ತೀನಿ, ನಡೀರಿ."

"ಎಂಥಾ ಒಳ್ಳೇ ಮನುಷ್ಯ!" ಅಂದರು ಸಾರ್.

ನಾನು ಮುಂದೆ, ಸಾರ್ ನಡುವೆ, ಹಿಂದೆ ಅವನು. ಕತ್ತಿ ನನ್ನ ಕೈಯಲ್ಲಿ, ಹೆಜ್ಜೆ ಹೆಜ್ಜೆಗೂ ಗೆಜ್ಜೆ. ಹೊಳೆಯ ಸದ್ದು ಹತ್ತಿರವಾಗುತ್ತಿತ್ತು. ಬೆನ್ನಿಗೆ ಈಗ ಗುಂಡು ಬೀಳುತ್ತೆ, ಈಗ ಬೀಳುತ್ತೆ ಅಂತ ಚರ್ಮವೆಲ್ಲ ಬಿಗಿದುಕೊಂಡಿತ್ತು. ಅಯ್ಯೋ ಆನ್ಸಿಗ್, ನೀನೂ ಹೀಗೇ ಇಳಿದೆಯೇನೋ!

ತಮ್ಮನನ್ನು ನೆನೆದಾಗಲೇ ಹೊಳೆದದ್ದು. ಲಿಮೊಕೊನ್ ಅನ್ನೋ ಕಾಡುಪಾರಿವಾಳ ಎಡಗಡೆಯಿಂದ ಕೂಗಿದರೆ ನಮ್ಮವರು ಹೊರಟ ಕೆಲಸ ಬಿಟ್ಟು ಬಂದ ದಾರಿಯಲ್ಲೇ ತಿರುಗಬೇಕು. ಮೀರಿದವನ ಮನೆ ಉಳಿಯೋದಿಲ್ಲ. ಚಿಕ್ಕವರಿದ್ದಾಗ ಗದ್ದೆ ಕೆಲಸ ತಪ್ಪಿಸಲು ನಾನೂ ತಮ್ಮನೂ ತುಟಿ ಅಲ್ಲಾಡಿಸದೆ ಗಂಟಲಲ್ಲೇ ಹಾಗೆ ಕೂಗೋದು ಕಲಿತಿದ್ದೆವು. ಸಿಕ್ಕಿಬಿದ್ದಾಗ ಅಜ್ಜಿ ಇಬ್ಬರ ಬಾಯಿಗೂ ಮೆಣಸಿನಕಾಯಿ ಉಜ್ಜಿದ್ದಳು.

ದಾರಿ ತಿರುಗುವಲ್ಲಿ ಎಡಗಡೆಯ ಪೊದೆಗೆ ಮುಖ ಮಾಡಿ ಗಂಟಲಲ್ಲೇ ಕೂಗಿದೆ.

ಇಂಬಾಲ್ ಗಕ್ಕನೆ ನಿಂತ. "ಕೇಳಿಸ್ತಾ?"

"ಎಡಗಡೆ," ಅಂದೆ.

ಅವನ ಮುಖ ಬಿಳಿಚಿಕೊಂಡಿತ್ತು. "ತಿರುಗಿ ತಿರುಗಿ! ರಾತ್ರಿ ನಮ್ಮನೇಲೇ ಇದ್ದು ಬೆಳಗ್ಗೆ ಹೋದರಾಯ್ತು."

ಆಗ ನನ್ನ ತಪ್ಪು ತಿಳಿಯಿತು. ಹಕ್ಕಿ ಕೂಗಿದ್ದು ಅವನೊಬ್ಬನಿಗಲ್ಲವಲ್ಲ! ನಾನೂ ಬಗೋಬೊ ಹೆಂಗಸೇ. ಮುಂದೆ ಒಂದು ಹೆಜ್ಜೆ ಇಟ್ಟರೆ ಕೂಗಿದ್ದು ನಾನೇ ಅಂತ ಅವನಿಗೆ ಗೊತ್ತಾಗುತ್ತೆ.

"ಹಕ್ಕಿಗೆ ಹೆದರೋದಾ?" ಅಂತ ಸಾರ್ ನಕ್ಕರು.

"ನಿಮಗೆ ಹಕ್ಕಿಯ ಹಂಗಿಲ್ಲ ಸಾರ್, ನೀವು ಇಳೀರಿ," ಅಂದು ಕತ್ತಿಯನ್ನು ಅವರ ಕೈಗೆ ತುರುಕಿದೆ. "ಸೀದಾ ನಮ್ಮ ಅವ್ವನ ಹತ್ತಿರ ಹೋಗಿ ತೋರಿಸಿ. ಹೆಣಿಗೆ ಸಡಿಲಾಗಿದೆ, ಬಿಗಿ ಮಾಡಿಕೊಡ್ತಾಳೆ."

ಅವ್ವ ಗುಂಡಿ ನೋಡಿದರೆ ಸಾಕು, ಬೆಳಗಾಗೋದರೊಳಗೆ ಮಾವಂದಿರು ಇಲ್ಲಿರುತ್ತಾರೆ. ಇಂಬಾಲ್ ಸಾರ್ ಕಡೆ ನೋಡಿದ, ಎಡಗಡೆಯ ಪೊದೆ ನೋಡಿದ, ನನಗೆ ಮೇಲೆ ಹತ್ತು ಅಂತ ಕೈ ಮಾಡಿದ. ಗೆಜ್ಜೆಯ ಸದ್ದು ಕೆಳಗಿಳಿದು ಹೊಳೆಯ ಸದ್ದಿನಲ್ಲಿ ಸೇರಿಹೋಯಿತು.

ನಾನು ಬಂದೂಕಿನ ಮುಂದೆ ಬೆಟ್ಟ ಹತ್ತತೊಡಗಿದೆ. ಗಂಟಲು ಕೆರೆಯುತ್ತಿತ್ತು, ಕೆಮ್ಮಿದರೆ ಸತ್ತೆ ಅಂತ ಉಗುಳು ನುಂಗುತ್ತಿದ್ದೆ. ಹಿಂದಿನಿಂದ ಇಂಬಾಲ್ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವವನ ಹಾಗೆ ಅಂದ:

"ಆ ಕತ್ತಿಯವನು ಬಂದಿದ್ದನಲ್ಲ, ಅವತ್ತೂ ಅದೇ ತಿರುವಿನಲ್ಲಿ ಕೂಗಿತ್ತು. ತಿರುಗೋಣ ಅಣ್ಣ, ತಿರುಗೋಣ ಅಂತ ಅತ್ತ. ನಾನು ಕೇಳಲಿಲ್ಲ. ಆ ತಿಂಗಳೇ ನನ್ನ ಮಗು ಹೋಯ್ತು."

ನಾನು ತಿರುಗಿ ನೋಡಲಿಲ್ಲ. ಅವತ್ತು ಕೂಗಿದ್ದೂ ಹಕ್ಕಿಯಲ್ಲ ಅಂತ ಆ ಬೆಟ್ಟದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.