ಬಾಟಲಿಯಲ್ಲಿ ಕಂಡ ಬಣ್ಣ

“ಬಣ್ಣ ಕಣಮ್ಮಾ ಅದು, ಬಣ್ಣ! ಬಣ್ಣದವರ ಬಚ್ಚಲಲ್ಲಿ ಹಾಲು ಹರಿಯುತ್ತಾ?” ಎಂದು ಕೂಗಿದೆ.

“ಕೂಗ್ಬೇಡಿ ಭಾವ. ಮೊದಲು ಕಣ್ಣು ಬಿಟ್ಟು ನೋಡಿ,” ಎಂದಳು ನನ್ನ ತಮ್ಮನ ಹೆಂಡತಿ. ಅವಳ ಕೈಯಲ್ಲಿ ಗಾಜಿನ ಬಾಟಲಿ, ಅದರಲ್ಲಿ ತಮ್ಮನ ಮೂತ್ರ. ಹಾಲು ಹಾಕದ ಚಹಾದಂತೆ ಕಪ್ಪಗಿತ್ತು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕೆಲಸ. ಕೈ, ಉಗುರು, ಬಚ್ಚಲು ಎಲ್ಲಕ್ಕೂ ಬಣ್ಣ. ತಮ್ಮನಿಗೆ ಮಲೇರಿಯಾ ಬಂದಿತ್ತು. ಅದು ಮರುಕಳಿಸದಂತೆ ನರ್ಸಮ್ಮ ಹದಿನಾಲ್ಕು ದಿನಕ್ಕೆ ಪ್ರೈಮಾಕ್ವಿನ್ ಮಾತ್ರೆ ಕೊಟ್ಟಿದ್ದರು. ಅಂದು ನಾಲ್ಕನೇ ದಿನ.

“ನಡುವೆ ಬಿಡಬಾರದು ಅಂತ ನರ್ಸಮ್ಮನೇ ಹೇಳಿದಾರೆ,” ಎಂದೆ.

“ನೀವು ಅರ್ಧ ಕೇಳಿಸ್ಕೊಂಡ್ರಿ. ಹೊಟ್ಟೆ ತೊಳಸಿದ್ರೆ ಹೆದರಬೇಡಿ, ಊಟ ಆದ್ಮೇಲೆ ತಗೊಳ್ಳಿ ಅಂದ್ರು. ಮೂತ್ರ ಕಪ್ಪಾದ್ರೆ, ಕಣ್ಣು ಹಳದಿಯಾದ್ರೆ, ಉಸಿರು ಕಟ್ಟಿದ್ರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ ಅಂತಾನೂ ಅಂದ್ರು.”

“ಓಹೋ, ಡಾಕ್ಟರಮ್ಮ ಬಂದ್ರು, ದಾರಿ ಬಿಡಿ!” ಎಂದು ಹಂಗಿಸಿ, ಮಾತ್ರೆಯನ್ನು ತಮ್ಮನ ಮುಂದೆ ಹಿಡಿದೆ. “ನುಂಗೋ.”

ಅವನು ಕೈ ಚಾಚಿದ. ಅವಳು ನನ್ನ ಕೈಗೆ ಹೊಡೆದಳು. ಮಾತ್ರೆ ನೆಲಕ್ಕೆ ಬಿತ್ತು.

“ಜ್ವರ ಬಂದಾಗಿನಿಂದ ಇವರು ಬಣ್ಣದ ತೊಟ್ಟಿ ಮುಟ್ಟಿಲ್ಲ. ಈ ವಾರ ನೀವು ಕಾಯಿಸ್ತಿರೋದು ಹಸಿರು. ಇದು ಹಸಿರಾ, ಭಾವ? ಇವರನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.”

ಮಾತಿನಲ್ಲಿ ಸೋತಾಗಲೇ ನನಗೆ ಸಿಟ್ಟು ನೆತ್ತಿಗೇರುವುದು. ಬಾಗಿಲತ್ತ ಕೈ ತೋರಿಸಿದೆ.

“ಹೋಗೋದಾದ್ರೆ ಹೋಗಿ. ಮತ್ತೆ ಈ ಹೊಸಿಲು ತುಳೀಬೇಡಿ!”

ತಮ್ಮ ಗೋಡೆ ಹಿಡಿದು ಎದ್ದ. ಬಾಗಿಲಲ್ಲಿ ನಿಂತು ಒಮ್ಮೆ ನನ್ನನ್ನು ನೋಡಿದ. ಬೆಳಕಿನಲ್ಲಿ ಅವನ ಕಣ್ಣು ಅರಿಶಿನದಷ್ಟು ಹಳದಿಯಾಗಿತ್ತು. ಅವಳು ಅವನ ತೋಳು ಹಿಡಿದು ನಡೆಸಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಜೀವ ಉಳಿಯಿತು. ಆಮೇಲೆ ಡಾಕ್ಟರು ನನಗೆ ಬಿಡಿಸಿ ಹೇಳಿದರು: ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಅಂಶ ಕಡಿಮೆ ಇರುತ್ತದೆ. ಅಂಥವರಲ್ಲಿ ಈ ಮಾತ್ರೆ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ; ಮೂತ್ರ ಕಪ್ಪಾಗುವುದು ಅದರಿಂದಲೇ. ಮೊದಲೇ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಎರಡು ತಿಂಗಳ ನಂತರ ನನಗೂ ಮಲೇರಿಯಾ ಬಂತು. ಪರೀಕ್ಷೆ ಮಾಡಿಸಿಕೊಂಡೆ, ಆ ಅಂಶ ನನ್ನಲ್ಲಿ ಸರಿಯಾಗಿತ್ತು. ಅದೇ ಮಾತ್ರೆಯನ್ನು ಹದಿನಾಲ್ಕು ದಿನವೂ ನುಂಗಿದೆ. ಸ್ವಲ್ಪ ಹೊಟ್ಟೆ ತೊಳಸಿತು, ಅಷ್ಟೇ.

ಆದ್ದರಿಂದ ಕೇಳಿ. ಮಾತ್ರೆಗೆ ಹೆದರಿ ನೀವಾಗಿಯೇ ಅರ್ಧಕ್ಕೆ ಬಿಡಬೇಡಿ. ಆದರೆ ಕಣ್ಣು ಮುಚ್ಚಿಕೊಂಡು ನುಂಗಲೂ ಬೇಡಿ. ಆ ಅಂಶದ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಬಸುರಿ, ಬಾಣಂತಿಯಾಗಿದ್ದರೆ ಮೊದಲೇ ಹೇಳಿ. ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ದಿನವೂ ಮೂತ್ರದ ಬಣ್ಣ ನೋಡಿ. ಕಪ್ಪಾದರೆ ನಾಚಿಕೆ ಬಿಟ್ಟು, ಮಾತ್ರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ಅದನ್ನು ಕಂಡು ಹೇಳಿದರೆ, ನನ್ನ ಹಾಗೆ ಬಾಯಿ ಮಾಡಬೇಡಿ.

ತಮ್ಮ ಈಗ ಹೆಂಡತಿಯ ತವರಿನ ಬಳಿ ಕೆಲಸ ಮಾಡುತ್ತಾನೆ. ಎರಡು ಸಲ ಹೋಗಿ ಕರೆದೆ. ಚಹಾ ಕೊಟ್ಟ, ಕಳಿಸಿದ. ಹೊಸಿಲು ದಾಟಿ ಹೋದವನು ಇನ್ನೂ ಬಂದಿಲ್ಲ.