ನಾಲ್ಕನೇ ದಿನದ ಪೇರ್ ಹಣ್ಣು

ಕಾಳುಗಳು ಕೆಳಗಿಳಿಯುತ್ತಿವೆ, ಗಸಗಸೆಯ ಹಾಗೆ, ಕಲಕುವ ಕಡ್ಡಿ ನಿಂತ ಮೇಲೂ ಇನ್ನೊಂದು ಸುತ್ತು ತಿರುಗಿ ಗಾಜಿನ ತಳಕ್ಕೆ ಕೂರುತ್ತಿವೆ, ಅವುಗಳ ಮೈಗೆ ಅಂಟಿಸಿಟ್ಟ ಕಿಣ್ವ ಮೂರು ದಿನದಿಂದ ಆಮ್ಲವನ್ನೂ ಮದ್ಯಸಾರವನ್ನೂ ಹಿಡಿದು ಹಿಡಿದು ಜೋಡಿಸಿದೆ, ಜೋಡಿಸಿರಬೇಕು, ನಾಲ್ಕನೇ ದಿನ ಬೆಳಿಗ್ಗೆ ಯಾವತ್ತೂ ಜೋಡಿಸಿಯೇ ಇರುತ್ತದೆ ಎಂದು ಬಿರ್ಟೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ — ಮಂಗಳವಾರ ಹಳಸಿದ ಬೆಣ್ಣೆಯ ನಾತ, ಶುಕ್ರವಾರ ಮಾಗಿದ ಪೇರ್ ಹಣ್ಣು, ಡೆನ್ಮಾರ್ಕಿನ ಓಡೆನ್ಸೆ ಊರಿನ ಈ ಪರಿಮಳದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅವಳ ಬದುಕು ಇದೇ, ಮೊದಲು ಮೂಗು, ಆಮೇಲೆ ಅಳತೆ, ಕಾಗದದ ಪಟ್ಟಿ ಅದ್ದಿ ಬಿರ್ಟೆ ಪೇರ್ ಅಂದರೆ ಪೇರ್, ಮೂಗಿನ ಮಹಾರಾಣಿ ಅಪ್ಪಣೆ ಆಯ್ತು ಎನ್ನುತ್ತಾನೆ ಹೆನ್ನಿಂಗ್, ಪಕ್ಕದ ಮೇಜಿನವನು, ಹನ್ನೆರಡು ವರ್ಷದಿಂದ ಅದೇ ಹಾಸ್ಯ, ಈಗ ಆ ಮಾತು ಕೇಳಿದರೆ ಪಟ್ಟಿಯನ್ನು ಬೇಗ ಕಸದ ಡಬ್ಬಿಗೆ ಹಾಕುತ್ತಾಳೆ, ನವೆಂಬರಿನ ಜ್ವರ ಮಹಾರಾಣಿಯ ಮೂಗನ್ನು ತೆಗೆದುಕೊಂಡು ಹೋಗಿದೆ, ಯಾರಿಗೂ ಹೇಳಿಲ್ಲ, ಹೇಳಿದರೆ ಈ ಮೇಜು ಹೋಗುತ್ತದೆ, ಮನೆಯಲ್ಲಿ ಕೂರು ಎನ್ನುತ್ತಾರೆ, ಮನೆಯಲ್ಲಿ ಏನಿದೆ, ಕಪಾಟಿನಲ್ಲಿ ಗಂಟು ಹಾಕಿಟ್ಟ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಗಂಡ ಹೋಲ್ಗರ್‌ನ ಸ್ವೆಟರು — ಮಣ್ಣು ಮಾಡಿ ಬಂದ ದಿನ ಒಗೆಯದೆ ಹಾಗೇ ಎತ್ತಿಟ್ಟದ್ದು, ಹೊಗೆಸೊಪ್ಪು, ದೋಣಿಯ ಟಾರು, ಅವನ ಕತ್ತಿನ ಬೆವರಿನ ವಾಸನೆ, ವರ್ಷಕ್ಕೆರಡೇ ಸಲ ಬಿಚ್ಚುವುದು, ಬೇಗ ಮುಗಿದುಹೋಗಬಾರದಲ್ಲ — ಡಿಸೆಂಬರಿನಲ್ಲಿ ತಮ್ಮ ಮದುವೆಯಾದ ತಾರೀಖಿಗೆ ಬಿಚ್ಚಿ ಮುಖ ಹುದುಗಿಸಿದಳು, ಏನೂ ಇಲ್ಲ, ಬರೀ ಉಣ್ಣೆಯ ಚುಚ್ಚು, ಎರಡನೇ ಸಲ ಸತ್ತೆಯಲ್ಲೋ ಎಂದು ಅತ್ತಳು, ಆಮೇಲೆ ಒಲೆಯ ಮೇಲೆ ಕಾಫಿ ಸೀದದ್ದು ಹೊಗೆ ಕಂಡು ಗೊತ್ತಾಯಿತು, ಅವನು ಅಲ್ಲೇ ಇದ್ದಾನೆ, ಚೀಲದೊಳಗೇ ಇದ್ದಾನೆ, ತನಗೆ ದಾರಿ ಮುಚ್ಚಿದೆ.

ಅಂದಿನಿಂದ ಎಲ್ಲರಿಗಿಂತ ಮೊದಲೇ ಬಂದು ಕದ್ದು ಅಳೆಯುತ್ತಾಳೆ, ಕ್ಷಾರದ ನಾಲ್ಕು ಹನಿಗೇ ಗುಲಾಬಿ ಬಣ್ಣ ತಿರುಗಿದರೆ ಆಮ್ಲ ಮುಗಿದಿದೆ, ಪೇರ್ ಆಗಿದೆ, ಮತ್ತೆ ಎಲ್ಲರೆದುರು ಪಟ್ಟಿ ಮೂಸಿದ ಹಾಗೆ ಮಾಡಿ ಕಣ್ಣು ಮುಚ್ಚುವುದು, ಆದರೆ ಇವತ್ತು ಶುಕ್ರವಾರದ ಬನ್ನು ತರುವ ಸರದಿ ಹೆನ್ನಿಂಗ್‌ನದು, ಅವಳಿಗಿಂತ ಮುಂಚೆ ಬಂದು ಬೆಚ್ಚಗಿನ ಪೊಟ್ಟಣ ಮೇಜಿನ ಮೇಲಿಟ್ಟು ನಿಂತೇ ಇದ್ದಾನೆ, ಏನಮ್ಮಾ, ಮೂಸಿ ಮುಗಿಸು, ಬೆಣ್ಣೆ ಹಚ್ಕೊಂಡು ತಿನ್ನೋಣ, ಅವಳು ಪಟ್ಟಿ ಅದ್ದುತ್ತಾಳೆ, ಮೂಗಿನ ಕೆಳಗೆ ಹಿಡಿಯುತ್ತಾಳೆ, ತಣ್ಣನೆಯ ಗಾಳಿ ಬಿಟ್ಟರೆ ಏನೂ ಇಲ್ಲ, ನಾಲ್ಕನೇ ದಿನ ಅಲ್ಲವೇ, ಪೇರ್, ಚೆನ್ನಾಗಿ ಮಾಗಿದೆ ಎನ್ನುತ್ತಾಳೆ.

ಹೆನ್ನಿಂಗ್ ನಗಲಿಲ್ಲ. ಪೇರ್ ಅಂತ ಬರ್ಕೊಳ್ಳಲಾ ಎಂದು ಮೆಲ್ಲಗೆ ಕೇಳಿದ, ಬರ್ಕೋ ಎಂದಳು, ಅವನು ಬರೆಯಲಿಲ್ಲ, ಬನ್ನಿನ ಪೊಟ್ಟಣ ಎತ್ತಿ ಬಾಗಿಲಾಚೆ ಇಟ್ಟು ಬಂದ — ಯಾಕೆ ಆಚೆ ಇಟ್ಟ, ತಿನ್ನುವ ಪದಾರ್ಥವನ್ನು ಯಾಕೆ ಆಚೆ ಇಟ್ಟ, ಆಗ ಮಂಗಳವಾರ ನೆನಪಾಗುತ್ತದೆ, ಹೋಲ್ಗರ್‌ನ ಹುಟ್ಟುಹಬ್ಬ, ನೀರು ಹೀರುವ ಹರಳುಗಳನ್ನು ಒಲೆಯಲ್ಲಿ ಹುರಿದು ಹಾಕಬೇಕಿತ್ತು, ಹುರಿದೆನೇ, ಕೈಯಲ್ಲಿ ತಟ್ಟೆ ಹಿಡಿದು ಕಿಟಕಿಯಾಚೆ ನೋಡುತ್ತ ನಿಂತದ್ದು ಗೊತ್ತು, ಹುರಿದದ್ದು ಗೊತ್ತಿಲ್ಲ, ಹಸಿ ಹರಳು, ಜೋಡಣೆಯಲ್ಲಿ ಹುಟ್ಟುವ ನೀರು ಒಳಗೇ ನಿಂತಿರುತ್ತದೆ, ನೀರು ನಿಂತರೆ ಜೋಡಿಸಿದ ಕಿಣ್ವವೇ ಬಿಡಿಸತೊಡಗುತ್ತದೆ, ಹಾಗಾದರೆ ಈ ಕೋಣೆಯ ತುಂಬ ಈಗ ಹಳಸಿದ ಬೆಣ್ಣೆ, ಅದರ ನಡುವೆ ತಾನು ಕಣ್ಣು ಮುಚ್ಚಿ ಪೇರ್ ಎಂದಿದ್ದೇನೆ, ಅವನು ಏನಾದರೂ ಅನ್ನಲಿ, ಬೈಯಲಿ, ನಕ್ಕರೂ ಸರಿ, ಅವನು ಕಿಟಕಿಯ ಹತ್ತಿರ ಹೋಗುತ್ತಾನೆ, ಫೆಬ್ರವರಿಯ ಚಳಿಗೆ ಕಿಟಕಿ ತೆರೆಯುತ್ತಾನೆ, ಒಂದೇ ಗಳಿಗೆ ಬಿರ್ಟೆ, ಆಮೇಲೆ ಮುಚ್ತೀನಿ — ಇದೇ ಮಾತು, ಹೋದ ವಾರ ಅವಳ ಅಂಗಿಯ ತೋಳಿಗೆ ಆ ನಾತದ ಆಮ್ಲ ಸಿಡಿದಿದ್ದಾಗಲೂ ಇದೇ ಮಾತು, ಚಳಿ ಕಣೋ, ಹಿಮಕರಡಿ ಎಂದು ರೇಗಿಸಿದ್ದಳು, ಜನವರಿಯಲ್ಲಿ ಆಮ್ಲದ ಬಾಟಲಿಯ ಮುಚ್ಚಳ ಹಾಕದೆ ಊಟಕ್ಕೆ ಹೋಗಿ ಬಂದಾಗಲೂ ತೆರೆದಿತ್ತು, ಕ್ರಿಸ್ಮಸ್ಸಿಗೆ ಮುಂಚೆಯೂ ತೆರೆದಿತ್ತು, ಅಷ್ಟು ದಿನದಿಂದ ಅವನಿಗೆ ಗೊತ್ತಿದೆ, ಯಾರಿಗೂ ಹೇಳಿಲ್ಲ, ಕಿಟಕಿಯ ಕೊಂಡಿಯ ಮೇಲೆ ಅವನ ಕೈ, ಸದ್ದಾಗದಂತೆ ಎತ್ತುವ ಕೈ, ಬೆನ್ನು ಈ ಕಡೆ, ಕೊಂಡಿಯ ಮೇಲೆ ಕೈ, ಕೈ.